ತಂಗಿ ತಳ್ಳಿದ್ದು ಎಂದು ಬರೆಸಿದ ಹಲ್ಲು

ನನ್ನ ಮೇಲಿನ ಮುಂದಿನ ಹಲ್ಲು ಮುರಿದಾಗ ನನಗೆ ಹತ್ತು ವರ್ಷ. ಅದರ ಮೇಲೆ ಗಟ್ಟಿಯಾದ ಕ್ಯಾಪ್ ಕೂತಾಗ ಹತ್ತೊಂಬತ್ತು. ನಡುವಿನ ಒಂಬತ್ತು ವರ್ಷ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬದುಕಿದೆ. ಮಗುವಿನ ಹಲ್ಲು ಮುರಿದರೆ ಒಂದು ದಿನ ಹೋಗಿ ಸರಿ ಮಾಡಿಸಿಕೊಂಡು ಬರಬಹುದು ಅಂದುಕೊಂಡಿರುವವರಿಗೆ, ಈಗ ಅಂಥ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿರುವ ತಾಯಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಆದರೆ ಬರೀ ಹಲ್ಲಿನ ಕತೆಯಾಗಿ ಬರೆದರೆ ಸುಳ್ಳಾಗುತ್ತದೆ. ಈ ಹಲ್ಲಿನ ವಿಷಯದಲ್ಲಿ ನಾನು ಈಗಾಗಲೇ ಸಾಕಷ್ಟು ಸುಳ್ಳು ಹೇಳಿದ್ದೇನೆ.

ನಮ್ಮದು ರಾಮನಗರದ ಕಡೆಯ ಕೈಲಾಂಚದಿಂದ ಇನ್ನೂ ಒಳಗೆ ಹೋಗಬೇಕಾದ ಊರು. ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಮನೆಗೆ ಅಂಟಿಕೊಂಡಂತೆ ರೇಷ್ಮೆ ಹುಳದ ಮನೆ. ಅಪ್ಪ, ಅವ್ವ, ನಾನು, ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಚೈತ್ರ. ಆ ವರ್ಷ ಅಪ್ಪ ಹೊಸ ಮೊಪೆಡ್ ತಂದಿದ್ದ. ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅಪ್ಪನ ಕೈ ಬೇಗ ಏಳುತ್ತಿತ್ತು. ಮಕ್ಕಳಿಗಿಂತ ಅವ್ವನ ಮೇಲೆ ಹೆಚ್ಚು.

ಶಾಲೆಗೆ ರಜೆಯಿದ್ದ ಒಂದು ದಿನ ಅಪ್ಪ ರೇಷ್ಮೆಗೂಡು ತುಂಬಿಕೊಂಡು ಟೆಂಪೋದಲ್ಲಿ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದ. ಅವ್ವ ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು. ಮೊಪೆಡ್ ಅಂಗಳದಲ್ಲಿ ನಿಂತಿತ್ತು. ಕೀ ಅದರಲ್ಲೇ ಇತ್ತು.

ನಾನು ಹತ್ತಿ ಕೂತೆ. ಚೈತ್ರ ಹಿಂದಿನಿಂದ ನನ್ನ ಲಂಗ ಎಳೆದಳು. "ಬ್ಯಾಡ ಕಣಕ್ಕ, ಅಪ್ಪ ಹೊಡೀತದೆ" ಅಂದಳು. ಅಪ್ಪ ಮಾಡುವ ಹಾಗೆಯೇ ಕೀ ತಿರುಗಿಸಿ ಪೆಡಲ್ ತುಳಿದೆ. ಎಂಜಿನ್ ಹತ್ತಿಕೊಂಡಿತು. ಸ್ಟ್ಯಾಂಡಿನಿಂದ ಇಳಿಸಿದ್ದೇ ತಡ, ಗಾಡಿ ಅಂಗಳ ದಾಟಿ ಹಸುಗಳಿಗೆ ನೀರು ಕುಡಿಸುವ ಕಲ್ಲುಬಾನಿಗೆ ಹೋಗಿ ಗುದ್ದಿತು. ನನ್ನ ಬಾಯಿ ಬಾನಿಯ ಅಂಚಿಗೆ ಬಡಿಯಿತು.

ಮೊದಲು ಗೊತ್ತಾಗಿದ್ದು ನೋವಲ್ಲ, ಗಾಳಿ. ಉಸಿರು ಎಳೆದಾಗಲೆಲ್ಲ ಹಲ್ಲಿನ ಒಳಗೆ ಸೂಜಿ ಆಡಿಸಿದ ಹಾಗಾಗುತ್ತಿತ್ತು. ನಾಲಿಗೆ ಇಟ್ಟು ನೋಡಿದೆ. ಅರ್ಧ ಹಲ್ಲು ಇರಲಿಲ್ಲ. ಚೈತ್ರ ತನ್ನ ಫ್ರಾಕ್ ಎತ್ತಿ ನನ್ನ ಬಾಯಿ ಒರೆಸಿದಳು. ಏಳು ವರ್ಷದ ಹುಡುಗಿ, ಅಳುತ್ತಲೇ ಗಾಡಿ ಎತ್ತಲು ಕೈಜೋಡಿಸಿದಳು. ಮೂರು ಸಲ ಜಾರಿತು, ನಾಲ್ಕನೇ ಸಲಕ್ಕೆ ಸ್ಟ್ಯಾಂಡಿಗೆ ನಿಂತಿತು. "ಗಾಡಿ ಸುದ್ದಿ ಎತ್ತುದ್ರೆ ನೋಡು" ಅಂದೆ. ಅವಳು ತಲೆಯಾಡಿಸಿದಳು.

ಅವ್ವ ಸೊಪ್ಪಿನ ಹೊರೆ ಇಳಿಸಿ ನನ್ನ ಮುಖ ನೋಡಿದಳು.

"ಯಾರ್ ಮಾಡಿದ್ದು?"

"ಚೈತು ತಳ್ಳುದ್ಲು. ಬಾನಿ ತಾವ."

ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಆದರೆ ಬಾಯಿಂದ ಬಂದ ಮೇಲೆ ಎಷ್ಟು ಸಲೀಸಾಗಿ ಕೂತಿತು ಅಂದರೆ, ಅದನ್ನು ತಿರುಗಿ ತೆಗೆದುಕೊಳ್ಳಬೇಕು ಅಂತ ಅನ್ನಿಸಲೇ ಇಲ್ಲ. ಅವಳ ಫ್ರಾಕಿನ ಮೇಲೆ ನನ್ನ ರಕ್ತ ಇತ್ತು. ಸಾಕ್ಷಿಗೆ ಇನ್ನೇನು ಬೇಕು. "ನಾನಲ್ಲವ್ವ" ಅಂತ ಅವಳು ಒಂದೇ ಒಂದು ಸಲ ಅಂದಳು. ಅವ್ವ ಹೊರೆಯಿಂದ ಹಿಪ್ಪುನೇರಳೆ ಕಡ್ಡಿಯೊಂದನ್ನು ಎಳೆದು ಅವಳ ಕಾಲಿಗೆ ಬಾರಿಸತೊಡಗಿದಳು. ನಾನು ಬಾಯಿಗೆ ಸೆರಗಿನ ಚಿಂದಿ ಒತ್ತಿಕೊಂಡು ನೋಡುತ್ತಾ ನಿಂತೆ.

ಆಮೇಲೆ ಅವ್ವ ಅಂಗಳ ಗುಡಿಸಿದಳು. ಬಾನಿಯ ಹತ್ತಿರ ಬಿದ್ದಿದ್ದ ಹಲ್ಲಿನ ಚೂರು ಸಗಣಿಯ ಜೊತೆ ತಿಪ್ಪೆಗೆ ಹೋಯಿತು. ಸಂಜೆ ಅಪ್ಪ ಬಂದು ತುಟಿ ಎತ್ತಿ ನೋಡಿ, "ನಾಳೆ ನೋಡಾನ" ಅಂದ.

ಮಾರನೆಯ ದಿನ ಮಧ್ಯಾಹ್ನ ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಅಂಗಡಿಯ ಮೇಲಿನ ಕ್ಲಿನಿಕ್ಕಿಗೆ ಹೋದೆವು. ಹಲ್ಲಿನ ಡಾಕ್ಟರು ಒಬ್ಬ ಹೆಂಗಸು, ನಡುವಯಸ್ಸು. ನನ್ನ ಬಾಯಿ ನೋಡುವ ಮೊದಲೇ ಕೇಳಿದರು: "ಮುರಿದ ಚೂರು ತಂದಿದ್ದೀರಾ?"

"ಯಾವ ಚೂರು ಮೇಡಂ?" ಅಂದಳು ಅವ್ವ.

"ಹಲ್ಲಿನ ಚೂರು. ಹಾಲಲ್ಲೋ ನೀರಲ್ಲೋ ಹಾಕ್ಕೊಂಡು ನಿನ್ನೇನೇ ತಂದಿದ್ರೆ ಅದನ್ನೇ ಅಂಟಿಸೋಕೆ ಆಗ್ತಿತ್ತೇನೋ."

ಎರಡು ಹೊತ್ತೂ ಡೈರಿಗೆ ಹಾಲು ಹಾಕುವ ಮನೆ ನಮ್ಮದು. ನಿನ್ನೆ ಸಂಜೆ ಕೂಡ ನನ್ನ ಹಲ್ಲಿನ ಚೂರು ಬಿದ್ದಿದ್ದ ತಿಪ್ಪೆಯ ಪಕ್ಕದಲ್ಲೇ ಕ್ಯಾನ್ ಹಿಡಿದುಕೊಂಡು ಅವ್ವ ಡೈರಿಗೆ ನಡೆದಿದ್ದಳು.

"ಹೇಗಾಯ್ತು?" ಎಂದು ಡಾಕ್ಟರು ಪೆನ್ನು ತೆಗೆದುಕೊಂಡರು.

"ಇವ್ಳ ತಂಗಿ ತಳ್ಳುಬುಟ್ಲು" ಅಂದಳು ಅವ್ವ. ಡಾಕ್ಟರು ಅದನ್ನು ಬರೆದುಕೊಂಡರು.

ಹಲ್ಲಿನ ನರ ಹೊರಗೆ ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ, ನನ್ನ ವಯಸ್ಸು. ಹಲ್ಲಿನ ಬೇರಿನ ತುದಿ ಇನ್ನೂ ಮುಚ್ಚಿಕೊಂಡಿರಲಿಲ್ಲ. ಒಳಗೆ ಔಷಧ ತುಂಬಿ, ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಾ, ತುದಿ ಮುಚ್ಚುವವರೆಗೂ ಕಾಯಬೇಕು. ಆಮೇಲೆ ಮುರಿದ ಭಾಗವನ್ನು ಹಲ್ಲಿನ ಬಣ್ಣದ ಸಿಮೆಂಟಿನಂಥದ್ದರಲ್ಲಿ ಕಟ್ಟಬೇಕು. ಅದು ಒಡೆಯುತ್ತದೆ, ಮತ್ತೆ ಕಟ್ಟಬೇಕು. ಕ್ಯಾಪ್ ಹಾಕುವುದು ದವಡೆ, ವಸಡು ಬೆಳೆದು ನಿಂತ ಮೇಲೆ, ಹದಿನೆಂಟು ದಾಟಿದ ನಂತರ.

"ಎಂಟು ವರ್ಷನಾ?" ಅಂದ ಅಪ್ಪ. ಡಾಕ್ಟರು ಹೌದೆಂದರು. ಹೊರಗೆ ಬರುವಾಗ ಅಪ್ಪ ಯಾರಿಗೂ ಅಲ್ಲದ ಹಾಗೆ, "ಹೆಣ್ಣು ಮಗಿನ ಮುಂದ್ಲ ಹಲ್ಲೇ ಆಗ್ಬೇಕಿತ್ತಾ" ಅಂದ.

ಮುಂದಿನ ಹಲ್ಲಿನ ಮೇಲೆ, ಮೂಗಿನ ಕೆಳಗೆ ಚುಚ್ಚುವ ಸೂಜಿಯ ನೋವು ಬೇರೆ ಸೂಜಿಗಳ ಹಾಗಲ್ಲ. ಕಣ್ಣಲ್ಲಿ ತಾನಾಗಿ ನೀರು ಸುರಿಯುತ್ತದೆ, ಆಮೇಲೆ ಮೂಗೇ ಇಲ್ಲವೇನೋ ಅನ್ನಿಸುತ್ತದೆ. ಬಾಯಿಗೆ ಹಸಿರು ರಬ್ಬರಿನ ಹಾಳೆ ಹಾಕಿ, ಅದರ ತೂತಿನಿಂದ ಒಂದೇ ಒಂದು ಹಲ್ಲು ಹೊರಗೆ ಬರುವಂತೆ ಮಾಡುತ್ತಿದ್ದರು. ಉಸಿರು ಕಟ್ಟಿ ಸತ್ತುಹೋಗುತ್ತೇನೆ ಅನ್ನುವುದು ಆಗಿನ ನನ್ನ ಹೆದರಿಕೆ. ಅದಕ್ಕೆ ಡಾಕ್ಟರು ಒಂದು ಒಪ್ಪಂದ ಮಾಡಿಕೊಂಡರು. "ಎಡಗೈ ಎತ್ತು, ನಿಲ್ಲಿಸ್ತೀನಿ." ನಾನು ಎತ್ತಿದೆ, ನಿಲ್ಲಿಸಿದರು. ನಿಜವಾಗಿ ನಿಲ್ಲಿಸುತ್ತಾರೋ ಇಲ್ಲವೋ ನೋಡೋಣ ಅಂತ ಸುಮ್ಮಸುಮ್ಮನೆ ಎತ್ತಿದೆ, ಆಗಲೂ ನಿಲ್ಲಿಸಿದರು. ಬೈಯಲಿಲ್ಲ. ಆ ವರ್ಷಗಳಲ್ಲಿ ನನಗೆ ಸಿಕ್ಕಿದ ದೊಡ್ಡ ಕರುಣೆ ಅದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಂಥ ಡಾಕ್ಟರನ್ನು ಹುಡುಕಿ. ಮಿಕ್ಕಿದ್ದು ಹೇಗೋ ಆಗುತ್ತದೆ.

ಪ್ರತಿ ಸಲವೂ ಅವ್ವ ಚೈತ್ರಳನ್ನು ಕರೆದುಕೊಂಡೇ ಬರುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ ಅಂತಲ್ಲ. "ನೋಡ್ಲಿ. ಅವ್ಳು ಮಾಡಿರದು ಏನು ಅಂತ ಕಣ್ಣಾರೆ ನೋಡ್ಲಿ" ಅನ್ನುತ್ತಿದ್ದಳು. ಕಾಯುವ ಬೆಂಚಿನ ಮೇಲೆ ಮೂರು ಜನ ಸಾಲಾಗಿ ಕೂರುತ್ತಿದ್ದೆವು. ಅಲ್ಲಿಗೆ ಬರುತ್ತಿದ್ದ ಒಬ್ಬ ಸಾಬರು, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ ಮಾಡಿ ಮಾಡಿ ಬಿಸಿನೀರಿಗೆ ಬೆರಳುಗಳೆಲ್ಲ ಬೆಳ್ಳಗೆ ನೆರಿಗೆಗಟ್ಟಿದ್ದವರು, ಒಂದು ದಿನ ನನ್ನ ಅಳು ನೋಡಿ ತಮ್ಮ ಬಾಯಿ ತೆರೆದು ತೋರಿಸಿದರು. ಒಂದು ಹಲ್ಲೂ ಇರಲಿಲ್ಲ. "ನೋಡು ಮಗಾ, ನಿಂದು ಅರ್ಧ ಹೋಗೈತೆ. ನಂದು ಪೂರಾ ಅಂಗಡಿನೇ ಬಂದ್" ಅಂದರು. ನಾನು ನಕ್ಕುಬಿಟ್ಟೆ. ನನ್ನ ಪಕ್ಕದಲ್ಲಿ ಚೈತ್ರಳೂ ನಕ್ಕಳು. ಅವ್ವ ಅವಳ ತೊಡೆ ಚಿವುಟಿದಳು. "ನಿಂಗೆ ನಗ ಬ್ಯಾರೆ ಬತ್ತದಾ?"

ಇನ್ನೊಂದು ದಿನ ಡಾಕ್ಟರು ಒಳಗಿನಿಂದ ಬಂದು ಚೈತ್ರಳ ಗಲ್ಲ ಹಿಡಿದು, ತಮಾಷೆಗೇ ಇರಬೇಕು, "ಓಹೋ, ಅಕ್ಕನನ್ನ ತಳ್ಳಿದ್ದು ನೀನೇನಾ?" ಅಂದರು. ಚೈತ್ರ ಅವ್ವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಹೌದು ಅಂತ ತಲೆ ಆಡಿಸಿದಳು.

ಶಾಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆಯಲು ಕುಳಿತರೆ ಈಗಲೂ ಕಿವಿ ಬಿಸಿಯಾಗುತ್ತದೆ. ನನ್ನ ಹೆಸರು ಪವಿತ್ರ. ಆರನೇ ಕ್ಲಾಸಿನ ಹೊತ್ತಿಗೆ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ನಾನು ಮುರುಕಲ್ಲಿ. ಕಟ್ಟಿದ ಹಲ್ಲು ಒಡೆದುಹೋಗಿದ್ದ ದಿನಗಳಲ್ಲಿ ಸಕಾರ ಹೇಳಿದರೆ ಸೀಟಿ ಹೊಡೆದ ಹಾಗೆ ಗಾಳಿ ಬರುತ್ತಿತ್ತು. ಸಮಾಜದ ಮೇಷ್ಟ್ರು ಅಂಥ ದಿನವೇ ನನ್ನನ್ನು ಎಬ್ಬಿಸಿ ಪಾಠ ಓದಿಸುತ್ತಿದ್ದರು. ಸಾಮ್ರಾಜ್ಯ, ಸೈನ್ಯ, ಸಂಸ್ಥಾನ. ಕ್ಲಾಸಿಗೆ ಕ್ಲಾಸೇ ಬೆಂಚಿನ ಮೇಲೆ ಬಿದ್ದು ನಗುತ್ತಿತ್ತು, ಮೇಷ್ಟ್ರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಿದ್ದರು.

ನೆಂಟರು ಇನ್ನೂ ಜಾಣರು, ನಗುತ್ತಿರಲಿಲ್ಲ. ಕೂಟಗಲ್ಲಿನಲ್ಲಿ ಒಂದು ಗೃಹಪ್ರವೇಶಕ್ಕೆ ಹೋದಾಗ ಸೋದರತ್ತೆ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ಬಾಯ್ ಮುಚ್ಕೊಂಡಿದ್ರೆ ಲಕ್ಷಣವಾಗೇ ಅವ್ಳೆ" ಅಂದಳು. ಅವತ್ತಿನಿಂದ ಅವ್ವ ಒಂದು ಸನ್ನೆ ಮಾಡಿಕೊಂಡಳು. ಜನರ ನಡುವೆ ನಾನು ನಕ್ಕರೆ ಅವಳು ತನ್ನ ಭುಜದ ಸೆರಗನ್ನು ಸರಿಮಾಡಿಕೊಳ್ಳುವಳು. ನಾನು ತುಟಿ ಮುಚ್ಚುವೆ. ಮನೆಯ ಎಲ್ಲ ಫೋಟೋಗಳಲ್ಲೂ ಯಾರೋ ಬೈದು ನಿಲ್ಲಿಸಿದವಳ ಹಾಗೆ ನಿಂತಿದ್ದೇನೆ.

ತಿನ್ನುವುದರಲ್ಲೂ ಲೆಕ್ಕಾಚಾರ. ಸೀಬೆಕಾಯಿ ಇಲ್ಲ, ಜೋಳದ ತೆನೆ ಇಲ್ಲ, ಚಕ್ಕುಲಿ ಇಲ್ಲ, ಕಬ್ಬಂತೂ ಇಲ್ಲವೇ ಇಲ್ಲ. ನಮ್ಮೂರಿನ ಪುಣ್ಯಕ್ಕೆ ಮುದ್ದೆ ಕಚ್ಚಿ ತಿನ್ನುವ ಊಟವಲ್ಲ. ನುಂಗಿದರೆ ಆಯಿತು. ಎಲ್ಲರ ಜೊತೆ ಸಮನಾಗಿ ಕೂತು ಉಣ್ಣುತ್ತಿದ್ದುದು ಅದೊಂದನ್ನೇ.

ಇಷ್ಟೆಲ್ಲ ನನಗೆ ಆಗುತ್ತಿದ್ದಾಗ ನಾನು ಚೈತ್ರಳಿಗೆ ಏನು ಮಾಡುತ್ತಿದ್ದೆ ಅನ್ನುವುದನ್ನೂ ಹೇಳಬೇಕು. ಶಾಲೆಯಿಂದ ಅಳುತ್ತಾ ಬಂದ ದಿನ ಅವಳ ಮುಂದೆ ನಿಂತು ತುಟಿ ಎತ್ತಿ ತೋರಿಸುತ್ತಿದ್ದೆ. "ನೋಡು. ಎಲ್ಲ ನಿನ್ನಿಂದ." ನನ್ನ ಪಾಲಿನ ಪಾತ್ರೆ ಅವಳು ತೊಳೆಯಬೇಕು, ನನ್ನ ಪಾಲಿನ ಕೊಟ್ಟಿಗೆ ಅವಳು ಗುಡಿಸಬೇಕು. ಅವಳು ಎದುರಾಡುತ್ತಿರಲಿಲ್ಲ. ತಳ್ಳಿದ್ದು ಅವಳೇ ಅಂತ ಎಷ್ಟು ಸಲ ಹೇಳಿದೆ ಅಂದರೆ ಕೊನೆಕೊನೆಗೆ ನನಗೇ ನೆನಪು ಬದಲಾಗಿತ್ತು. ಕಣ್ಣು ಮುಚ್ಚಿದರೆ ಬೆನ್ನ ಮೇಲೆ ಪುಟ್ಟ ಎರಡು ಕೈ ಬಿದ್ದ ಹಾಗೆ, ಬಾನಿ ಎದುರಿಗೆ ಬಂದ ಹಾಗೆ ಕಾಣುತ್ತಿತ್ತು. ಮೊಪೆಡ್ ಕಾಣುತ್ತಲೇ ಇರಲಿಲ್ಲ.

ಕಟ್ಟಿದ ಹಲ್ಲು ಮೊದಲು ಬೆಳ್ಳಗಿತ್ತು. ಬರಬರುತ್ತಾ ಸಾರಿನ ಅರಿಶಿನ ಹಿಡಿದು ಹಳದಿಯಾಯಿತು. ಅದರ ಮೇಲಿನ ನನ್ನದೇ ಹಲ್ಲು ನರ ಸತ್ತು ಹಳೇ ಅಲ್ಯೂಮಿನಿಯಂ ತಟ್ಟೆಯ ಬಣ್ಣಕ್ಕೆ ತಿರುಗಿತು. ಒಂದೇ ಹಲ್ಲಿನಲ್ಲಿ ಎರಡು ಬಣ್ಣ. ಮೂರು ವರ್ಷದಲ್ಲಿ ಎರಡು ಸಲ ಒಡೆಯಿತು, ಎರಡು ಸಲ ಕಟ್ಟಿದರು. ಪ್ರತಿ ಸಲ ಒಡೆದಾಗಲೂ ಮನೆಗೆ ಬಂದ ಕೂಡಲೇ ಚೈತ್ರಳಿಗೆ ಏಟು. "ಮೊದ್ಲೇ ಮುರೀದಿದ್ರೆ ಈಗ್ಯಾಕೆ ಮುರೀತಿತ್ತು" ಅನ್ನುವುದು ಅವ್ವನ ನ್ಯಾಯ.

ಮೂರನೇ ಸಲ ಒಡೆದದ್ದು ಸಂಕ್ರಾಂತಿಯಲ್ಲಿ. ನನಗೆ ಹದಿಮೂರು. ಊರಿನ ಮಕ್ಕಳೆಲ್ಲ ಜಗಲಿಗಳ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದರು. ನನಗೆ ಅವ್ವ ಚಿಕ್ಕದಾಗಿ ಕೊಯ್ದ ತುಂಡುಗಳನ್ನು ಬಟ್ಟಲಲ್ಲಿ ಕೊಟ್ಟಿದ್ದಳು. ಹುಳದ ಮನೆಯ ಹಿಂದೆ ಹೋಗಿ ಒಂದು ಗಣ್ಣು ಕಬ್ಬನ್ನು ಹಲ್ಲಲ್ಲೇ ಸಿಗಿದೆ. ಎರಡನೇ ಸಿಪ್ಪೆಗೆ ಹಲ್ಲಿನ ಕಟ್ಟಿದ ಭಾಗ ಕಿತ್ತು ಬಂತು. ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದೆ. ಚೈತ್ರ ಒಲೆಯ ಮುಂದೆ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತು, ಅವ್ವ ಬಂದ ತಕ್ಷಣ, "ಚೈತು ಮೊಳಕೈಲಿ ಗುದ್ದುದ್ಲು" ಅಂದೆ.

ಮೊದಲ ಸುಳ್ಳು ಹೆದರಿಕೆಗೆ ಹೇಳಿದ್ದು. ಇದು ಹಾಗಲ್ಲ. ಚೆನ್ನಾಗಿ ಗೊತ್ತಿದ್ದು, ಯಾರ ಮೇಲೆ ಹಾಕಬೇಕು, ಹೇಗೆ ಹಾಕಬೇಕು ಅಂತ ಯೋಚಿಸಿ ಹೇಳಿದ್ದು. ಚೈತ್ರ ಈ ಸಲ ನಾನಲ್ಲ ಅಂತಲೂ ಅನ್ನಲಿಲ್ಲ. ಕಡ್ಡಿ ಬೀಳುವ ಮೊದಲೇ ಲಂಗ ಮೊಣಕಾಲಿನವರೆಗೆ ಎಳೆದುಕೊಂಡು ಎದ್ದು ನಿಂತಳು.

ಅವತ್ತು ಅವ್ವ ಅಪ್ಪನಿಗೆ, "ಇವ್ಳು ಈ ಮನೇಲಿದ್ರೆ ಆ ಹಲ್ಲು ಉಳ್ಯಲ್ಲ. ನಮ್ಮಣ್ಣನ ಮನೇಲಿ ಬುಟ್ಟು ಬತ್ತೀನಿ" ಅಂದಳು. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆ. ಅತ್ತೆಗೆ ಕೈಗೂಸು, ಮೇಲೊಂದು ಸಣ್ಣದು. ಆಡಿಸಿಕೊಳ್ಳಲು ಒಂದು ಹುಡುಗಿ ಬೇಕಿತ್ತು. ಅಪ್ಪ ಹೂಂ ಅಂದ. ಹತ್ತು ವರ್ಷದ ಚೈತ್ರ ಸ್ಕೂಲ್ ಬ್ಯಾಗು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ಹಿಡಿದು ಹೊಸಿಲಲ್ಲಿ ನಿಂತು ಕೇಳಿದಳು:

"ಅಕ್ಕನ್ ಹಲ್ಲು ಸರಿಯಾದ್ ಮ್ಯಾಲೆ ಬರ್ಲಾ ಅವ್ವ?"

"ಹೂಂ. ನಡಿ, ಬಸ್ಸು ಹೋಯ್ತದೆ."

ನಾನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಎದ್ದು ಹೋಗಿ ಎರಡು ಮಾತು ಹೇಳಿದ್ದರೆ ಆಗುತ್ತಿತ್ತು. ಬಸ್ಸು ಹೋದ ಶಬ್ದ ಕೇಳಿದ ಮೇಲೆ ಎದ್ದೆ.

ರಾಮನಗರದ ಡಾಕ್ಟರು ಆ ಸಲ ಎಕ್ಸ್‌ರೇ ನೋಡಿ, ಬೇರಿನ ಸುತ್ತ ಕೀವಾಗಿದೆ, ಬೆಂಗಳೂರಿನ ಹಲ್ಲಿನ ಕಾಲೇಜಿಗೆ ಹೋಗಿ ಅಂತ ಚೀಟಿ ಬರೆದರು. ಅಲ್ಲಿ ನಂಬರ್ ಕೂಗುವವರೆಗೂ ಬೆಳಗಿಂದ ಮಧ್ಯಾಹ್ನದವರೆಗೆ ಕಾಯುವುದು. ಒಳಗೆ ಹೋದರೆ ದೊಡ್ಡ ಡಾಕ್ಟರು ಕೈಗವಸಿನ ಬೆರಳಿನಿಂದ ನನ್ನ ತುಟಿ ಎತ್ತಿ ಹಿಡಿದು ವಿದ್ಯಾರ್ಥಿಗಳಿಗೆ ಪಾಠ ಶುರುಮಾಡಿದರು. ಹತ್ತು ಹನ್ನೆರಡು ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನನ್ನ ಹೆಸರು ಯಾರೂ ಕೇಳಲಿಲ್ಲ. ಒಬ್ಬಳು ವಿದ್ಯಾರ್ಥಿನಿ ಹಳೆಯ ಚೀಟಿ ನೋಡಿಕೊಂಡು ಹೊಸ ಫೈಲಿಗೆ ಬರೆಯುತ್ತಿದ್ದಳು. ಬರೆಯುತ್ತಾ ಜೋರಾಗಿ ಓದಿದಳು: "ಕಾರಣ, ತಂಗಿ ತಳ್ಳಿದ್ದು." ತಂಗಿ ಎಲ್ಲಿ ಅಂತ ಕೇಳಿದಳು. ಊರಲ್ಲಿಲ್ಲ ಅಂದೆ.

ಎರಡು ವರ್ಷ ಅಲ್ಲಿಗೆ ಓಡಾಡಿದೆವು. ಹಲ್ಲನ್ನು ಉಳಿಸಿಕೊಟ್ಟರು, ಅದನ್ನು ಮರೆಯಬಾರದು. ವಸಡು ಕೊಯ್ದು ತೊಳೆದು ಹೊಲಿದರು. ಹೊಲಿಗೆ ಬಿಚ್ಚುವ ದಿನ ಅದೇ ವಿದ್ಯಾರ್ಥಿನಿ ತನ್ನ ದುಪಟ್ಟಾದಿಂದ ನನ್ನ ಕೆನ್ನೆಯ ಕಣ್ಣೀರು ಒರೆಸಿದಳು. ಬಟ್ಟೆ ಮುಖಕ್ಕೆ ತಾಗಿದ ಕೂಡಲೇ ನಾನು ಅವಳ ಕೈ ತಳ್ಳಿದೆ. ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಅವತ್ತು, ಎಷ್ಟೋ ವರ್ಷಗಳ ಮೇಲೆ, ನನ್ನ ಕಣ್ಣಿಗೆ ಮೊಪೆಡ್ ಮತ್ತೆ ಕಂಡಿತು.

ಆದರೂ ಹೇಳಲಿಲ್ಲ. ಪಿಯುಸಿ ಮುಗಿಸಿದೆ, ಡಿಗ್ರಿಗೆ ಸೇರಿದೆ. ಚೈತ್ರ ಹಬ್ಬಕ್ಕೆ ಬಂದು ಹೋಗುತ್ತಿದ್ದಳು. ಬಂದಾಗ ನನ್ನಿಂದ ಒಂದು ಮಾರು ದೂರ ಕೂರುತ್ತಿದ್ದಳು. ಕೈ ತಾಗೀತು ಅಂತ ಹೆದರಿಕೆ.

ಹತ್ತೊಂಬತ್ತಕ್ಕೆ ರಾಮನಗರದ ಅದೇ ಡಾಕ್ಟರು ಕ್ಯಾಪ್ ಹಾಕಿದರು. ಮೊದಲು ಉಳಿದ ಹಲ್ಲನ್ನು ಅರೆದು ಗೂಟದ ಹಾಗೆ ಮಾಡಿದರು. ಆಮೇಲೆ "ಕಿಟಕಿ ಹತ್ರ ಬಾ" ಎಂದು ಕರೆದು, ಪುಟ್ಟ ಪುಟ್ಟ ಹಲ್ಲುಗಳನ್ನು ಪೋಣಿಸಿದ್ದ ಪಟ್ಟಿ ತೆಗೆದು, ಹಗಲ ಬೆಳಕಿನಲ್ಲಿ ನನ್ನ ಪಕ್ಕದ ಹಲ್ಲಿಗೆ ಹಿಡಿದು ಬಣ್ಣ ಹೊಂದಿಸಿದರು. ಸೀರೆಗೆ ರವಿಕೆ ಬಟ್ಟೆ ಹೊಂದಿಸುವವರ ಹಾಗೆ. ವಾರದ ಮೇಲೆ ಕ್ಯಾಪ್ ಕೂತಿತು. ಕನ್ನಡಿ ಕೊಟ್ಟರು. ಎರಡೂ ಹಲ್ಲು ಒಂದೇ ಬಣ್ಣ, ಒಂದೇ ಉದ್ದ. ಅವ್ವ ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ. ಈಗಲೂ ನಗು ಬಂದರೆ ಮೊದಲು ಕೈ ಏಳುತ್ತದೆ, ಆಮೇಲೆ ಅದು ಬೇಕಿಲ್ಲ ಅನ್ನುವುದು ನೆನಪಾಗುತ್ತದೆ.

ಸುದ್ದಿ ಮಾವನ ಮನೆಗೆ ಮುಟ್ಟಿತು. ಮುಂದಿನ ಭಾನುವಾರ ಚೈತ್ರ ಒಬ್ಬಳೇ ಬಸ್ಸು ಬದಲಿಸಿಕೊಂಡು ಬಂದಳು. ಹದಿನಾರು ವರ್ಷ, ನನಗಿಂತ ಎತ್ತರ. ಎರಡು ದೊಡ್ಡ ಬ್ಯಾಗು ತಂದಿದ್ದಳು. ಬಟ್ಟೆ, ಪುಸ್ತಕ, ಹಾಸಿಗೆಯ ಮೇಲಿನ ಹೊದಿಕೆ ಕೂಡ. ನನ್ನನ್ನು ಬೆಳಕಿಗೆ ನಿಲ್ಲಿಸಿ ಹಲ್ಲು ನೋಡಿದಳು. "ಚೆನ್ನಾಗಿ ಕೂತೈತೆ ಕಣಕ್ಕ" ಅಂದಳು. ಬ್ಯಾಗುಗಳನ್ನು ನಾವಿಬ್ಬರೂ ಮೊದಲು ಮಲಗುತ್ತಿದ್ದ ಕೋಣೆಯಲ್ಲಿ ಇಟ್ಟಳು.

ಅವ್ವ ಬ್ಯಾಗುಗಳನ್ನು ನೋಡಿದಳು. ಊಟ ಬಡಿಸಿದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ನಿಮ್ಮತ್ತೆಗೆ ಒಬ್ಳಿಗೇ ಕಷ್ಟ ಆಯ್ತದೆ. ಇನ್ನೊಸಿ ದಿನ ಅಲ್ಲೇ ಇರು" ಅಂದಳು. ಚೈತ್ರ ನಾಲ್ಕು ಗಂಟೆಯ ಬಸ್ಸಿಗೆ ಎರಡೂ ಬ್ಯಾಗುಗಳನ್ನು ತಾನೇ ಹೊತ್ತುಕೊಂಡು ಹೋದಳು. ನಾನು ಸ್ಟಾಪಿನವರೆಗೆ ಹೋದೆ. ದಾರಿಯುದ್ದಕ್ಕೂ ಬಾಯಿ ತೆರೆಯಬೇಕು ಅಂದುಕೊಂಡೆ, ತೆರೆಯಲಿಲ್ಲ. ಆಗ ಬಾಯಲ್ಲಿ ಒಂದು ಊನವೂ ಇರಲಿಲ್ಲ.

ಹೇಳಿದ್ದು ಇನ್ನೂ ಐದು ವರ್ಷದ ಮೇಲೆ. ನಾನು ಚನ್ನಪಟ್ಟಣದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮ ಶಾಲೆಯ ಒಂದು ಹುಡುಗಿ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಳು. ನಾನು ಮೆಟ್ಟಿಲೆಲ್ಲ ಹುಡುಕಿ ಚೂರು ತೆಗೆದು, ಹಾಲಿನ ಲೋಟಕ್ಕೆ ಹಾಕಿ, ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಅರ್ಧ ಗಂಟೆಯಲ್ಲಿ ಅದೇ ಚೂರನ್ನು ಅಂಟಿಸಿದರು. ಗೆರೆ ಕೂಡ ಕಾಣಲಿಲ್ಲ. "ಹೇಗಾಯ್ತು ಪುಟ್ಟಿ?" ಅಂತ ಅಲ್ಲಿಯ ಡಾಕ್ಟರು ಕೇಳಿದ್ದಕ್ಕೆ ಆ ಮಗು, "ನಾನೇ ಓಡ್ತಾ ಇದ್ದೆ" ಅಂದಳು. ಅಷ್ಟೇ. ಹೇಳುವುದಕ್ಕೆ ಅಷ್ಟೇ ಇದ್ದದ್ದು.

ಆ ಶನಿವಾರ ಗುಡೇಮಾರನಹಳ್ಳಿಗೆ ಹೋದೆ. ಅವರೆಕಾಯಿಯ ಕಾಲ. ಚೈತ್ರ ಮಾಗಡಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು, ಆಗಷ್ಟೇ ಬಂದು ಜಗಲಿಯಲ್ಲಿ ಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ.

"ಚೈತು, ಆವತ್ತು ನೀನು ತಳ್ಳಿಲ್ಲ" ಅಂದೆ.

ಅವಳು ತಲೆ ಎತ್ತಲಿಲ್ಲ. "ಗೊತ್ತು."

"ಸಂಕ್ರಾಂತೀಲಿ ಕಬ್ಬು ತಿಂದು ಮುರ್ಕೊಂಡಿದ್ದೂ ನಾನೇ."

"ಅದೂ ಗೊತ್ತು."

"ಇವತ್ತೇ ಹೋಗಿ ಅವ್ವಂಗೆ ಹೇಳ್ಬುಡ್ತೀನಿ."

ಅವಳ ಕೈ ನಿಂತಿತು. "ಅವ್ವಂಗೆ ಗೊತ್ತಿಲ್ಲ ಅನ್ಕೊಂಡಿದ್ದೀಯಾ?"

ಬಿದ್ದ ಮಾರನೆಯ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಚೈತ್ರ ಎಲ್ಲವನ್ನೂ ಅವ್ವನಿಗೆ ಹೇಳಿದ್ದಳಂತೆ. ಅವ್ವ ಹೋಗಿ ಮೊಪೆಡ್ ನೋಡಿದಳಂತೆ. ಮುಂದಿನ ಚಕ್ರದ ಮೇಲಿನ ತಗಡು ಬಗ್ಗಿತ್ತು. ಅದನ್ನು ಕೈಯಲ್ಲೇ ನೆಟ್ಟಗೆ ಮಾಡಿದಳಂತೆ.

"ಕೀ ಎತ್ತಿಡು ಅಂತ ಅಪ್ಪ ಅವ್ವಂಗೆ ಹೇಳಿ ಹೋಗಿದ್ದ. ಅವ್ವ ಮರ್ತಿದ್ಲು. 'ನೀನೇ ತಳ್ಳಿದ್ದು ಅಂತ ಇರ್ಲಿ ಕಣೇ, ಚಿಕ್ಕೋಳು, ನಿಂಗೆ ಯಾರೂ ಏನೂ ಅನ್ನಲ್ಲ' ಅಂದ್ಲು."

"ಮತ್ತೆ ಅಷ್ಟೊಂದು ಹೊಡೀತಿದ್ಲಲ್ಲ."

"ಹೊಡೀದಿದ್ರೆ ಅಪ್ಪ ನಂಬ್ತಿರ್ಲಿಲ್ವಲ್ಲ."

ಅದನ್ನು ಅವಳು ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆಯ ಅಗಲ ಹೇಳುವಷ್ಟು ಸಮಾಧಾನವಾಗಿ ಹೇಳಿದಳು. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆಗ ನನ್ನ ಮುಖ ನೋಡಿದಳು.

"ನಿಂಗೇನ್ ಹೇಳದಕ್ಕ? ಗಾಡಿ ಮ್ಯಾಲಿದ್ದೋಳು ನೀನೇ."

ಮಾರನೆಯ ದಿನ ಊರಿಗೆ ಬಂದೆ. ಅವ್ವ ಹುಳದ ಮನೆಯಲ್ಲಿ ಸೊಪ್ಪು ಹಾಸುತ್ತಿದ್ದಳು. ಸಾವಿರಾರು ಹುಳ ಒಟ್ಟಿಗೆ ಮೇಯುವ ಚರಚರ ಸದ್ದು. "ಅವ್ವ, ಚೈತು ತಳ್ಳಿಲ್ಲ ಅಂತ ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಂತೆ. ಗಾಡಿ ಕೀ ನೀನು ಮರ್ತಿದ್ದಂತೆ" ಅಂದೆ.

ಅವ್ವ ಸೊಪ್ಪು ಹಾಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನಿಮ್ಮಪ್ಪ ನನ್ ಹಲ್ಲು ಮುರೀತಿದ್ದ" ಅಂದಳು. ಮುಂದಿನ ತಟ್ಟೆಗೆ ಸರಿದು, "ನಂಗ್ಯಾರು ಕಟ್ಟುಸ್ಕೊಡೋರು?" ಅಂದಳು.

"ಅವ್ಳನ್ನ ಆಚೆಗ್ಯಾಕೆ ಹಾಕ್ದೆ?"

"ದೊಡ್ಡೋಳಾಯ್ತಾ ಬಂದ್ಲು. ಎಂದಾದ್ರೂ ಬಾಯಿ ಬುಡ್ತಿದ್ಲು."

ಬಾಗಿಲಲ್ಲಿ ಸೊಪ್ಪಿನ ಹೊರೆ ಬಿದ್ದ ಸದ್ದಾಯಿತು. ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವ್ವ ಎರಡು ಹೆಜ್ಜೆ ಹಿಂದೆ ಸರಿದು, ಅಭ್ಯಾಸದಿಂದಲೇ, ಮುಖಕ್ಕೆ ಕೈ ಅಡ್ಡ ಹಿಡಿದಳು. ಅಪ್ಪನಿಗೆ ಆಗ ಅರವತ್ತರ ಹತ್ತಿರ. ಕೈ ಎತ್ತಲಿಲ್ಲ. ಅವ್ವನ ಆ ಅಡ್ಡ ಹಿಡಿದ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ ಹೊರೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋದ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಬಿಳಿ ಪಂಚೆ ಉಟ್ಟುಕೊಂಡು ಗುಡೇಮಾರನಹಳ್ಳಿಗೆ ಹೊರಟ. ಚೈತ್ರಳನ್ನು ಕರೆದುಕೊಂಡು ಬರುತ್ತೇನೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವಳ ಬ್ಯಾಗು ಹೊರಲು ಬೇಕಾಗುತ್ತದೆ ಅಂತ ಹೆಗಲ ಮೇಲೊಂದು ಟವೆಲ್ ಹೆಚ್ಚಿಗೆ ಹಾಕಿಕೊಂಡಿದ್ದ. ನಾನು ಶಾಲೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಕೋಣೆ ಗುಡಿಸಿದೆ. ಅವ್ವ ಅವತ್ತು ಯಾರೂ ಹೇಳದೆಯೇ ನಾಲ್ಕು ಜನಕ್ಕೆ ಮುದ್ದೆಗೆ ಎಸರಿಟ್ಟಳು.

ಸಂಜೆ ಅಪ್ಪ ಒಬ್ಬನೇ ಬಂದ. ಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತ. ನಾನು ನೀರು ಕೊಟ್ಟು, ಏನಂದಳು ಅಂತ ಕೇಳಿದೆ.

"ಏನಂತಾಳೆ. ಬನ್ನಿ, ಕೂತ್ಕಳಿ ಅಂದ್ಲು. ಕಾಫಿ ಕೊಟ್ಲು. ಮನೆಗೆ ನಡಿಯವ್ವ ಅಂದೆ, ನೋಡಾನ ಅಂದ್ಲು. ಹೊರಟಾಗ ಬಾಗ್ಲುಗಂಟ ಬಂದು, ಹೋಗ್ಬನ್ನಿ ಅಂದ್ಲು."

ನಮ್ಮ ಕಡೆ ಮಕ್ಕಳು ಅಪ್ಪನನ್ನು ಬಾ, ಹೋಗು ಅಂತಲೇ ಮಾತಾಡಿಸುವುದು. ಚೈತ್ರ ಕೂಡ ಮೊನ್ನೆ ಮೊನ್ನೆಯವರೆಗೆ ಹಾಗೆಯೇ ಮಾತಾಡುತ್ತಿದ್ದಳು. ಅಪ್ಪ ಲೋಟವನ್ನು ಕೈಯಲ್ಲಿ ತಿರುಗಿಸಿದ.

"ನೆಂಟ್ರುಗೆ ಅಂದಂಗೆ ಅಂದ್ಲು ಕಣಮ್ಮಿ" ಅಂದ.